ನೀರು ನಿಲ್ಲಿಸುವ ಕಾಲ

ಗೆಡ್ಡೆ ಹೂಗಳ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು, ವರ್ಷದಲ್ಲಿ ಎರಡು ಮೂರು ತಿಂಗಳು ನೀರು ಹಾಕುವುದನ್ನು ನಿಲ್ಲಿಸಿ ಅಂತ. ಕೇಳಿದವರಿಗೆ ಇದು ಅಷ್ಟಾಗಿ ರುಚಿಸುವುದಿಲ್ಲ. ಗಿಡ ಅಂದಮೇಲೆ ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕಬೇಕು, ಹಾಕದಿದ್ದರೆ ಪಾಪ ಅನ್ನುವ ಭಾವನೆ ನಮ್ಮಲ್ಲಿದೆ. ಒಳ್ಳೆಯ ಭಾವನೆಯೇ. ಆದರೆ ಬೆಂಗಳೂರಿನ ಬಾಲ್ಕನಿಗಳಲ್ಲಿ, ಟೆರೇಸುಗಳಲ್ಲಿ ನಾನು ನೋಡಿದ ಸತ್ತ ಗೆಡ್ಡೆಗಳಲ್ಲಿ ನೀರಿಲ್ಲದೆ ಒಣಗಿದ್ದು ಕಡಿಮೆ. ಮಲಗಿದ್ದಾಗ ಬಿಡದೆ ನೀರು ಹಾಕಿದ್ದಕ್ಕೆ ಕೊಳೆತು ಹೋದವೇ ಜಾಸ್ತಿ.

ಡಿಸೆಂಬರ್ ಬಂತೆಂದರೆ ನಮ್ಮ ಟೆರೇಸಿನಲ್ಲಿ ಕೆಲವು ಪಾಟುಗಳು ಖಾಲಿ ಕಾಣುತ್ತವೆ. ಫುಟ್‌ಬಾಲ್ ಲಿಲಿಯ ದೊಡ್ಡ ಎಲೆಗಳು ಹಳದಿಯಾಗಿ, ಬಾಗಿ, ಒಣಗಿ ಉದುರಿರುತ್ತವೆ. ಬರೀ ಮಣ್ಣು. ಕೆಳಗಿನ ಮನೆಯ ಆಂಟಿ ಬಟ್ಟೆ ಒಣಗಿಸಲು ಬಂದಾಗಲೆಲ್ಲ ಆ ಪಾಟುಗಳನ್ನೇ ನೋಡುತ್ತಾರೆ. "ಇದ್ರಲ್ಲಿ ಏನೂ ಇಲ್ವಲ್ಲಮ್ಮ, ಒಂದು ದೊಡ್ಡಪತ್ರೆ ಕಡ್ಡಿನಾದ್ರೂ ಚುಚ್ಚಬಾರದಾ?" ಅಂತ ಕೇಳುತ್ತಾರೆ. "ಇದೆ ಆಂಟಿ, ಮಲಗಿದೆ, ಮೇ ತಿಂಗಳಲ್ಲಿ ನೋಡಿ" ಅನ್ನುತ್ತೇನೆ. ಮೇ ತಿಂಗಳಲ್ಲಿ ಅವರೇ ಮೊಮ್ಮಗಳನ್ನು ಕರೆದುಕೊಂಡು ಬಂದು ಆ ಕೆಂಪು ಚೆಂಡನ್ನು ತೋರಿಸುತ್ತಾರೆ. ಒಂದು ಚೆಂಡಿನಲ್ಲಿ ಇನ್ನೂರರವರೆಗೂ ಪುಟ್ಟ ಪುಟ್ಟ ಹೂಗಳಿರುತ್ತವೆ. ಅಷ್ಟು ಹೂವಿಗೆ ಬೇಕಾದ್ದನ್ನೆಲ್ಲ ಆ ಗೆಡ್ಡೆ ಹಿಂದಿನ ಮಳೆಗಾಲದಲ್ಲೇ ಕೂಡಿಟ್ಟಿರುತ್ತದೆ.

ಇವು ಯಾಕೆ ಮಲಗುತ್ತವೆ ಅನ್ನುವುದಕ್ಕೆ ಇವು ಎಲ್ಲಿಂದ ಬಂದವು ಅಂತ ನೋಡಬೇಕು. ಫುಟ್‌ಬಾಲ್ ಲಿಲಿ ಆಫ್ರಿಕಾದ್ದು. ಗ್ಲಾಡಿಯೋಲಸ್ ಹೆಚ್ಚಾಗಿ ಆಫ್ರಿಕಾದ ದಕ್ಷಿಣ ಭಾಗದ್ದು. ನಾವು ಅಮರಿಲ್ಲಿಸ್ ಅಂತ ಕರೆಯುವ, ಹಳೆಯ ಬೆಂಗಳೂರು ಕಾಂಪೌಂಡುಗಳಲ್ಲಿ ಕೆಂಪಗೆ ಕಹಳೆಯ ಹಾಗೆ ಬಿಡುವ ಹೂವು ದಕ್ಷಿಣ ಅಮೆರಿಕದ್ದು. ನಮ್ಮ ಮದುವೆ ಹಾರದ ಸುಗಂಧರಾಜ ಮೆಕ್ಸಿಕೋದ್ದು, ಡೇರೆಯೂ, ಅಂದರೆ ಡೇಲಿಯಾ, ಅಲ್ಲಿಯದೇ. ಇವುಗಳಲ್ಲಿ ಹೆಚ್ಚಿನವು ಒಂದಷ್ಟು ತಿಂಗಳು ಮಳೆ, ಒಂದಷ್ಟು ತಿಂಗಳು ಒಣ ಬಿಸಿಲು ಇರುವ ಜಾಗಗಳಿಂದ ಬಂದವು. ಮಳೆ ನಿಂತಾಗ ಎಲೆಯಲ್ಲಿದ್ದ ಸತ್ವವನ್ನೆಲ್ಲ ಕೆಳಗೆ ಇಳಿಸಿಕೊಂಡು, ಎಲೆಯನ್ನು ಬಿಟ್ಟುಕೊಟ್ಟು, ಮಣ್ಣಿನೊಳಗೆ ಉಳಿದುಕೊಳ್ಳುವುದು ಅವು ಬದುಕುವ ಕ್ರಮ. ನಾವು ಆ ಹೊತ್ತಿನಲ್ಲಿ ನೀರು ಹಾಕಿದರೆ ಕುಡಿಯಲು ಅದಕ್ಕೆ ಸರಿಯಾದ ಬೇರೂ ಇರುವುದಿಲ್ಲ, ಆವಿಯಾಗಿ ಬಿಡಲು ಎಲೆಯೂ ಇರುವುದಿಲ್ಲ. ನೀರು ಅಲ್ಲೇ ನಿಲ್ಲುತ್ತದೆ. ಬೂಸಲು ಬರುತ್ತದೆ.

ಬೆಂಗಳೂರಿನ ಹವೆ ಈ ವಿಷಯದಲ್ಲಿ ನಮ್ಮ ಕೈ ಹಿಡಿಯುತ್ತದೆ. ಇಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜೋರು ಮಳೆ. ನವೆಂಬರ್ ಕಳೆದ ಮೇಲೆ ಜನವರಿಯಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಒಣಕಾಲ. ಏಪ್ರಿಲ್‌ನಲ್ಲಿ ಗುಡುಗಿನ ಮಳೆ ಶುರು. ಗೆಡ್ಡೆಗಳಿಗೆ ಇದಕ್ಕಿಂತ ಒಳ್ಳೆಯ ಕ್ಯಾಲೆಂಡರ್ ಬೇಕಿಲ್ಲ. ನಮ್ಮ ಚೊಂಬು ಮಾತ್ರ ಆ ಕ್ಯಾಲೆಂಡರಿಗೆ ಅಡ್ಡ ಬರಬಾರದು.

ಒಂದು ಈರುಳ್ಳಿಯನ್ನು ಉದ್ದಕ್ಕೆ ಎರಡು ಸೀಳು ಮಾಡಿ ನೋಡಿ. ಅಡುಗೆಮನೆಯಲ್ಲಿ ದಿನಾ ನೋಡುತ್ತೇವೆ, ಆದರೆ ಗಮನ ಕೊಟ್ಟು ನೋಡಿರುವುದಿಲ್ಲ. ಕೆಳಗೆ ಬೇರು ಅಂಟಿಕೊಂಡಿರುವ ಗಟ್ಟಿ ಬಿಲ್ಲೆ ಇದೆಯಲ್ಲ, ನಾವು ಕತ್ತರಿಸಿ ಬಿಸಾಡುವುದು, ಗಿಡದ ಕಾಂಡ ಅಂದರೆ ಅದೇ. ಅದರ ಮೇಲಿನ ಪದರಗಳೆಲ್ಲ ಎಲೆಯ ಬುಡಗಳು, ದಪ್ಪಗೆ ಊದಿಕೊಂಡು ಊಟ ತುಂಬಿಕೊಂಡವು. ನಟ್ಟ ನಡುವೆ ಹಸಿರು ಸುಳಿ. ಅಮರಿಲ್ಲಿಸ್, ಸುಗಂಧರಾಜ, ರೇನ್ ಲಿಲಿ ಎಲ್ಲವೂ ಈ ಜಾತಿಯ ಗೆಡ್ಡೆಗಳು. ಗ್ಲಾಡಿಯೋಲಸ್ ಗೆಡ್ಡೆಯನ್ನು ಸೀಳಿದರೆ ಪದರವೇ ಇಲ್ಲ, ಪೂರ್ತಿ ಗಟ್ಟಿ ಕಾಂಡ. ಡೇರೆಯದ್ದು ಊದಿದ ಬೇರು. ಹಾಗಾಗಿ ಕೀಳುವುದು, ಒಣಗಿಸುವುದು, ಇಡುವುದು ಒಂದೊಂದಕ್ಕೆ ಒಂದೊಂದು ಥರ.

ಅಮರಿಲ್ಲಿಸ್ ವಿಷಯದಲ್ಲಿ ಗೊತ್ತಿರಲೇಬೇಕಾದ ಒಂದು ಸಂಗತಿ ಇದೆ. ಈ ವರ್ಷ ಅರಳುವ ಹೂವಿನ ಮೊಗ್ಗು ಗೆಡ್ಡೆಯ ಒಳಗೆ ಸುಮಾರು ಒಂದು ವರ್ಷದ ಹಿಂದೆಯೇ ಹುಟ್ಟಿರುತ್ತದೆ. ನಾಲ್ಕು ಎಲೆ, ಒಂದು ಹೂದಂಟು, ಮತ್ತೆ ನಾಲ್ಕು ಎಲೆ, ಒಂದು ಹೂದಂಟು, ಹೀಗೆ ಒಳಗೇ ಸಾಲಾಗಿ ತಯಾರಾಗುತ್ತಾ ಹೋಗುತ್ತದೆ. ಅಂದರೆ ಹೂ ಬಾಡಿದ ಮೇಲೆ ಉಳಿಯುವ ಆ ಉದ್ದನೆ ಪಟ್ಟಿ ಎಲೆಗಳು ಮುಂದಿನ ವರ್ಷದ ಹೂವಿಗೆ ದುಡಿಯುತ್ತಿರುತ್ತವೆ. ಎಷ್ಟೋ ಮನೆಗಳಲ್ಲಿ ಹೂ ಮುಗಿದ ಕೂಡಲೇ ಎಲೆ ಅಸಹ್ಯವಾಗಿ ಹರಡಿಕೊಂಡಿದೆ ಅಂತ ಕತ್ತರಿಯಲ್ಲಿ ಕತ್ತರಿಸಿ ಬಿಡುತ್ತಾರೆ, ಅಥವಾ ಪಾಟನ್ನು ಮೆಟ್ಟಿಲ ಕೆಳಗಿನ ಕತ್ತಲೆಗೆ ತಳ್ಳುತ್ತಾರೆ. ಆಮೇಲೆ "ನರ್ಸರಿಯವನು ಕೊಟ್ಟಾಗ ಹೂವಿತ್ತು, ಆಮೇಲೆ ಬರಲೇ ಇಲ್ಲ" ಅನ್ನುತ್ತಾರೆ. ಬಾಡಿದ ಹೂದಂಟನ್ನು ಕತ್ತರಿಸಿ. ಎಲೆಯನ್ನು ಮುಟ್ಟಬೇಡಿ. ಬಿಸಿಲಿರುವ ಕಡೆ ಇಡಿ, ಗೊಬ್ಬರ ಕೊಡಿ, ನೀರು ಕೊಡಿ. ಅದು ತಾನಾಗಿ ಹಳದಿಯಾಗುವ ತನಕ ಕಾಯಿರಿ. ನೆಡುವಾಗಲೂ ಇದರ ಕುತ್ತಿಗೆ ಮಣ್ಣಿನ ಮೇಲೆ ಕಾಣುವ ಹಾಗಿರಬೇಕು, ಗೆಡ್ಡೆಯ ಮೂರನೇ ಒಂದು ಭಾಗವಾದರೂ ಹೊರಗಿರಲಿ. ಪಾಟು ಗೆಡ್ಡೆಗಿಂತ ಸ್ವಲ್ಪ ಅಗಲ ಇದ್ದರೆ ಸಾಕು.

ಇನ್ನು ಟ್ಯುಲಿಪ್. ಪ್ರತಿ ವರ್ಷ ಚಳಿಗಾಲಕ್ಕೆ ಯಾರಾದರೊಬ್ಬರು ಆನ್‌ಲೈನ್‌ನಲ್ಲಿ ಟ್ಯುಲಿಪ್ ಗೆಡ್ಡೆ ತರಿಸಿಕೊಂಡು ನನಗೆ ಫೋಟೋ ಕಳಿಸುತ್ತಾರೆ. ಟ್ಯುಲಿಪ್ ಮಧ್ಯ ಏಷ್ಯಾದ ಬೆಟ್ಟಗುಡ್ಡಗಳ ಹೂವು. ಅಲ್ಲಿಂದ ತುರ್ಕಿಯ ತೋಟಗಳಿಗೆ, ಅಲ್ಲಿಂದ ಯುರೋಪಿಗೆ ಹೋಯಿತು. ಅದಕ್ಕೆ ಒಣಕಾಲ ಸಾಲದು, ಚಳಿ ಬೇಕು. 12ರಿಂದ 16 ವಾರ ಸುಮಾರು 9 ಡಿಗ್ರಿಗಿಂತ ಕೆಳಗಿನ ತಂಪು ಸಿಕ್ಕಿದರೆ ಮಾತ್ರ ಹೂದಂಟು ಸರಿಯಾಗಿ ಉದ್ದ ಬರುತ್ತದೆ. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿಯ ಮಾತು. ಈಗ ಜನವರಿ ರಾತ್ರಿಗಳಲ್ಲಿ 15, 16 ಡಿಗ್ರಿ ಇರುತ್ತದೆ. ನಮಗೆ ಸ್ವೆಟರ್ ಬೇಕಾಗುವ ಚಳಿ ಅದಕ್ಕೆ ಚಳಿಯೇ ಅಲ್ಲ. ಫ್ರಿಜ್‌ನಲ್ಲಿಟ್ಟು ಮೋಸ ಮಾಡಬಹುದು, ಮಾಡುವವರಿದ್ದಾರೆ. ಪೇಪರ್ ಕವರಿನಲ್ಲಿ ಹಾಕಿ ತರಕಾರಿ ಡ್ರಾಯರಿನಲ್ಲಿ ಮೂರು ತಿಂಗಳು ಇಡಬೇಕು. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇಡುವಂತಿಲ್ಲ. ಹಣ್ಣಾಗುವಾಗ ಬಿಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ. ಇಷ್ಟೆಲ್ಲ ಮಾಡಿ ಹೂ ಬಂದರೂ ನಮ್ಮ ಫೆಬ್ರವರಿ ಬಿಸಿಲಿಗೆ ಅದು ಬೇಗ ಮುಗಿಯುತ್ತದೆ, ಮುಂದಿನ ವರ್ಷಕ್ಕೆ ಗೆಡ್ಡೆ ಕಟ್ಟುವಷ್ಟು ದಿನ ಎಲೆ ನಿಲ್ಲುವುದಿಲ್ಲ. ಟ್ಯುಲಿಪ್ ನೋಡಬೇಕು ಅನ್ನಿಸಿದರೆ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಶ್ರೀನಗರಕ್ಕೆ ಹೋಗಿ. ದಾಲ್ ಸರೋವರದ ಹತ್ತಿರ 2007ರಲ್ಲಿ ಶುರುವಾದ ತೋಟವಿದೆ. ಅದು ತನ್ನ ಜಾಗದಲ್ಲಿ ಚೆನ್ನಾಗಿದೆ.

ನರ್ಸರಿಗಳಲ್ಲಿ ಸಿಗುವ ಏಷ್ಯಾಟಿಕ್, ಓರಿಯಂಟಲ್ ಲಿಲಿಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಮೊದಲೇ ತಂಪಿನಲ್ಲಿಟ್ಟು ಕಳಿಸಿದ ಗೆಡ್ಡೆಯಾದ್ದರಿಂದ ಮೊದಲ ಸಲ ಚೆಂದ ಬಿಡುತ್ತದೆ. ಎರಡನೇ ವರ್ಷಕ್ಕೆ ಬೇಕಾದ ತಂಪು ನಮ್ಮಲ್ಲಿ ಇಲ್ಲ. ಇದರ ಗೆಡ್ಡೆಗೆ ಮೇಲ್ಸಿಪ್ಪೆಯೂ ಇಲ್ಲ, ಬರೀ ಹೆಸಳುಗಳು. ಗಾಳಿಗೆ ಬಿಟ್ಟರೆ ಬೇಗ ಒಣಗುತ್ತದೆ. ಇದನ್ನು ಮಾತ್ರ ಸ್ವಲ್ಪ ಪಸೆ ಇರುವ ತೆಂಗಿನ ನಾರಿನ ಪುಡಿಯಲ್ಲೇ ಇಡಬೇಕು.

ನನ್ನ ಮಟ್ಟಿಗೆ ಬೆಂಗಳೂರಿನ ಗೆಡ್ಡೆ ಹೂವು ಅಂದರೆ ಸುಗಂಧರಾಜ. ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಮೂಟೆ ಬಿಚ್ಚಿದಾಗ ಬರುವ ವಾಸನೆ ಗೊತ್ತಿದ್ದವರಿಗೆ ಬೇರೆ ಹೇಳಬೇಕಿಲ್ಲ. ಮದುವೆಗೂ ಅದೇ ಹಾರ, ಸಾವಿಗೂ ಅದೇ ಹಾರ. ಮೆಕ್ಸಿಕೋದಲ್ಲಿ ಯುರೋಪಿನವರು ಕಾಲಿಡುವ ಮೊದಲೇ ಅಲ್ಲಿಯ ಜನ ಇದನ್ನು ಬೆಳೆಸುತ್ತಿದ್ದರು. ಈಗ ಸಸ್ಯವಿಜ್ಞಾನಿಗಳು ಇದನ್ನು ಕತ್ತಾಳೆಯ ಕುಲಕ್ಕೇ ಸೇರಿಸಿದ್ದಾರೆ. ಕತ್ತಾಳೆಯ ನೆಂಟ ಅಂತ ಗೊತ್ತಾದ ಮೇಲೆ ಇದಕ್ಕೆ ಎಷ್ಟು ನೀರು ಬೇಕು ಅನ್ನುವ ನನ್ನ ಅಂದಾಜೇ ಬದಲಾಯಿತು.

ನಮ್ಮೂರಿನ ಅಂಚಿನಲ್ಲೇ, ಹೆಸರಘಟ್ಟದಲ್ಲಿ, ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ತಳಿಗಳು ಅಲ್ಲಿಂದಲೇ ಬಂದವು. ಶೃಂಗಾರ್ ಮತ್ತು ಪ್ರಜ್ವಲ್ ಒಂದೇ ಸುತ್ತಿನ ಎಸಳಿನವು, ಹಾರಕ್ಕೆ ಪೋಣಿಸಲು ಚೆಂದ. ಸುವಾಸಿನಿ ಡಬಲ್, ಹೂದಾನಿಗೆ ಇಡಲು ಚೆಂದ. ಪ್ರಜ್ವಲ್ ಮೊಗ್ಗಿನಲ್ಲಿ ಸಣ್ಣಗೆ ಗುಲಾಬಿ ಛಾಯೆ, ಅರಳಿದ ಮೇಲೆ ಬಿಳಿ. ಶೃಂಗಾರ್ ಬೇರುಗಂಟು ಜಂತುಹುಳುವನ್ನು ತಡೆದುಕೊಳ್ಳುತ್ತದೆ. ಒಂದೇ ಮಣ್ಣಿನಲ್ಲಿ ವರ್ಷಗಟ್ಟಲೆ ಸುಗಂಧರಾಜ ಬೆಳೆಯುವ ರೈತರಿಗೆ ಇದು ದೊಡ್ಡ ಸಮಾಧಾನ. ಈ ಹೆಸರುಗಳನ್ನು ಬರೆಯುವಾಗ ನನಗೆ ಹೆಮ್ಮೆಯಾಗುತ್ತದೆ. ಹಾಲೆಂಡಿನ ಗೆಡ್ಡೆಗೆ ದುಡ್ಡು ಸುರಿಯುವ ನಾವು ಒಂದು ಬಸ್ಸಿನ ದೂರದಲ್ಲಿ ಹುಟ್ಟಿದ ತಳಿಯ ಹೆಸರು ಕೇಳಿರುವುದಿಲ್ಲ. ಮನೆಗೆ ಬೇಕಿದ್ದರೆ ಮೊದಲು ಪ್ರಜ್ವಲ್ ಹುಡುಕಿ.

ಸುಗಂಧರಾಜದ ಒಂದು ಗೆಡ್ಡೆ ಒಂದೇ ಸಲ ಹೂ ಕೊಡುತ್ತದೆ. ಆಮೇಲೆ ಅದರ ಸುತ್ತ ಮರಿಗಳು. ಒಂದು ವರ್ಷ, ಎರಡು ವರ್ಷ ಅಗೆಯದೆ ಬಿಟ್ಟರೆ ಮರಿಗಳೆಲ್ಲ ಒತ್ತೊತ್ತಾಗಿ ಸೇರಿ, ಬರೀ ಹುಲ್ಲಿನ ಹಾಗೆ ಎಲೆ ಬಂದು, ಹೂವೇ ನಿಲ್ಲುತ್ತದೆ. ಆಗ ಅಗೆಯಬೇಕು. ಹೂ ಮುಗಿದು, ಎಲೆ ಹಳದಿಯಾಗಿ, ಹೊಸ ಚಿಗುರು ನಿಂತ ಮೇಲೆ ನೀರು ನಿಲ್ಲಿಸಿ, ಮಣ್ಣು ಪೂರ್ತಿ ಒಣಗಲು ಬಿಟ್ಟು, ಅಂಚಿನಿಂದ ಕೈಗುದ್ದಲಿ ಹಾಕಿ ಇಡೀ ಮುದ್ದೆಯನ್ನು ಎತ್ತಬೇಕು. ಜಗ್ಗಬಾರದು. ತೊಳೆಯಬಾರದು. ಮಣ್ಣು ಕೈಯಲ್ಲೇ ಉದುರಿಸಿ, ನೆರಳಲ್ಲಿ ಗಾಳಿಯಾಡುವ ಕಡೆ ಪೇಪರ್ ಮೇಲೆ ಹರಡಿ, ದಿನ ಬಿಟ್ಟು ದಿನ ಮಗುಚಬೇಕು. ಬಿಸಿಲಿಗೆ ಹಾಕಿದರೆ ಬೆಂದು ಹೋಗುತ್ತದೆ. ಒಣಗಿದ ಮೇಲೆ ಮರಿಗಳನ್ನು ಬಿಡಿಸಿ ಗಾತ್ರ ನೋಡಿ ಬೇರೆ ಮಾಡುತ್ತೇನೆ. ಎರಡು ಸೆಂಟಿಮೀಟರ್‌ಗಿಂತ ದಪ್ಪ ಇರುವವು ಈ ಸಲ ಹೂವಿಗೆ, ಸಣ್ಣವು ಮುಂದಿನ ಸಲಕ್ಕೆ ಬೆಳೆಯಲು ಬೇರೆ ಪಾಟಿಗೆ. ಒತ್ತಿ ನೋಡಿದರೆ ಮೆತ್ತಗಿರುವುದು, ಹುಳಿ ವಾಸನೆ ಬರುವುದು ಕಸಕ್ಕೆ. ಅಲ್ಲಿ ಕನಿಕರ ತೋರಿಸಿದರೆ ಉಳಿದವೂ ಹೋಗುತ್ತವೆ.

ಇಡುವುದಕ್ಕೆ ಈರುಳ್ಳಿ ಬರುತ್ತದಲ್ಲ, ಆ ನೆಟ್ ಚೀಲವೇ ಸಾಕು. ಗೋಡೆಗೆ ಮೊಳೆ ಹೊಡೆದು ನೇತು ಹಾಕಿದರೆ ನಾಲ್ಕೂ ಕಡೆ ಗಾಳಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ತೂತು ಮಾಡಿದರೂ ಬೇಡ. ನಾಲ್ಕಾರು ವಾರ ಹೀಗೆ ಮಲಗಿ ಎದ್ದ ಗೆಡ್ಡೆ, ಕಿತ್ತ ಕೂಡಲೇ ನೆಟ್ಟ ಗೆಡ್ಡೆಗಿಂತ ಒಟ್ಟಿಗೆ, ಜೋರಾಗಿ ಚಿಗುರುತ್ತದೆ. ಐದಾರು ಸೆಂಟಿಮೀಟರ್ ಆಳಕ್ಕೆ ನೆಟ್ಟರೆ ಸುಮಾರು ಮೂರು ತಿಂಗಳಿಗೆ ಕಡ್ಡಿ ಏಳುತ್ತದೆ. ಸಂಜೆ ಆದಮೇಲೆ ಅದರ ವಾಸನೆ ಜಾಸ್ತಿಯಾಗುವುದು ರಾತ್ರಿ ಹಾರುವ ಪತಂಗಗಳನ್ನು ಕರೆಯಲು. ನಮ್ಮ ಮನೆಯ ಟೆರೇಸಿಗೆ ರಾತ್ರಿ ಊಟದ ನಂತರ ಸುಮ್ನೆ ಹೋಗಿ ನಿಲ್ಲುವ ಅಭ್ಯಾಸ ಶುರುವಾಗಿದ್ದು ಇದರಿಂದಲೇ.

ಗ್ಲಾಡಿಯೋಲಸ್ ಬೇರೆಯದೇ ಸ್ವಭಾವ. ಅದು ಪ್ರತಿ ಸಲವೂ ಹಳೆಯ ಗೆಡ್ಡೆಯ ತಲೆಯ ಮೇಲೆ ಹೊಸ ಗೆಡ್ಡೆ ಕಟ್ಟುತ್ತದೆ. ಕೆಳಗಿನ ಹಳೆಯದು ತನ್ನದನ್ನೆಲ್ಲ ಕೊಟ್ಟು ಸುಕ್ಕಿ, ತೊಗಲಿನಂತಾಗಿ ಉಳಿಯುತ್ತದೆ. ಹೂ ಕಡ್ಡಿ ಕೊಯ್ಯುವಾಗ ಗಿಡದಲ್ಲಿ ಕನಿಷ್ಠ ನಾಲ್ಕು ಎಲೆ ಬಿಡಬೇಕು ಅನ್ನುವುದು ಇದಕ್ಕೇ. ಎಲೆಯಿಲ್ಲದಿದ್ದರೆ ಹೊಸ ಗೆಡ್ಡೆ ಯಾವುದರಿಂದ ತುಂಬಬೇಕು? ಹೂ ಮುಗಿದು ಆರರಿಂದ ಎಂಟು ವಾರ ಆದಮೇಲೆ ಎಲೆ ಹಳದಿ, ಕಂದು ಆಗುತ್ತದೆ. ಆಗ ಕಿತ್ತು, ನೆರಳಲ್ಲಿ ಒಣಗಿಸಿ, ಹಳೆಯ ಗೆಡ್ಡೆಯನ್ನು ಮುರಿದು ತೆಗೆದರೆ ಚಟ್ ಅಂತ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಳ್ಳದಿದ್ದರೆ ಇನ್ನೂ ಒಣಗಬೇಕು ಅಂತ ಅರ್ಥ. ಕೆಳಗೆ ಕಂದು ಬಣ್ಣದ ತಗ್ಗು ಕಲೆ ಇದ್ದರೆ ಅದು ಫ್ಯುಸೇರಿಯಂ ಕೊಳೆರೋಗ, ಆ ಗೆಡ್ಡೆಯನ್ನು ಇಟ್ಟುಕೊಳ್ಳಬೇಡಿ. ಅಂಗಡಿಯಲ್ಲಿ ಕೊಳ್ಳುವಾಗ ಅಗಲವಾಗಿ ಚಪ್ಪಟೆ ಇರುವುದಕ್ಕಿಂತ ಗುಂಡಗೆ ಎತ್ತರ ಇರುವುದನ್ನು ಆರಿಸಿ. ಚಪ್ಪಟೆಯದು ವಯಸ್ಸಾದದ್ದು. ವ್ಯಾಪಾರಕ್ಕೆ ಬೆಳೆಯುವವರು ಇವನ್ನು 3ರಿಂದ 5 ಡಿಗ್ರಿಯ ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ. ಮನೆಯಲ್ಲಿ ಅಷ್ಟೆಲ್ಲ ಬೇಡ, ಗಾಳಿ ಮತ್ತು ಒಣ ಜಾಗ ಸಾಕು.

ಡೇರೆಯ ಬಗ್ಗೆ ಬರೆಯಲು ಕೂತರೆ ನಾನು ಬೆಂಗಳೂರು ಬಿಟ್ಟು ಸಾಗರಕ್ಕೆ ಹೋಗಿಬಿಡುತ್ತೇನೆ. ಮಲೆನಾಡಿನ ಹೆಂಗಸರಿಗೆ ಡೇರೆ ಹುಚ್ಚು. ಮಳೆಗಾಲ ಶುರುವಾಗುವ ಮುಂಚೆ ಏರುಮಡಿ ಮಾಡಿ ಗೆಡ್ಡೆ ನೆಟ್ಟರೆ ಚೌತಿಯ ಹೊತ್ತಿಗೆ ಅಂಗಳದ ತುಂಬ ತಟ್ಟೆಯಷ್ಟಗಲದ ಹೂಗಳು. ಯಾರ ಮನೆಗೆ ಊಟಕ್ಕೆ ಹೋದರೂ ಕೈ ತೊಳೆಯುವ ಮೊದಲು ಅವರ ಅಂಗಳದ ಡೇರೆ ನೋಡಿ, ಇಲ್ಲದ ಬಣ್ಣ ಕಂಡರೆ ಅಲ್ಲೇ ಗೆಡ್ಡೆ ಕೇಳಿಟ್ಟು ಬರುತ್ತಾರೆ. ಕೊಡುವವರು ಆಗಲ್ಲ ಅನ್ನುವುದಿಲ್ಲ. ದೊಡ್ಡಮ್ಮ ನನಗೆ ಮೊದಲ ಸಲ ಗೆಡ್ಡೆ ಕೊಡುವಾಗ ಗೊಂಚಲನ್ನು ತಿರುಗಿಸಿ ತಿರುಗಿಸಿ ನೋಡಿ, "ದಪ್ಪ ನೋಡಿ ತಗೊಂಡ್ರೆ ಆಗಲ್ಲ ಮಾರಾಯ್ತಿ, ಕಣ್ಣಿದ್ಯಾ ನೋಡು, ಕಣ್ಣಿಲ್ದಿದ್ರೆ ಅದು ಬರೀ ಗೆಣಸು" ಅಂದಿದ್ದರು. ಅವರು ಹೇಳಿದ್ದು ಪೂರ್ತಿ ಸರಿ. ಡೇರೆಯ ಊದಿದ ಬೇರಿನಲ್ಲಿ ಎಲ್ಲಿಯೂ ಮೊಳಕೆ ಬರುವುದಿಲ್ಲ. ಹಳೆಯ ಕಾಂಡದ ಬುಡ ಇದೆಯಲ್ಲ, ಆ ಕುತ್ತಿಗೆಯ ಭಾಗದಲ್ಲಿ ಮಾತ್ರ ಕಣ್ಣುಗಳಿರುತ್ತವೆ. ಹಾಗಾಗಿ ಗೊಂಚಲು ಒಡೆಯುವಾಗ ಪ್ರತಿ ತುಂಡಿಗೂ ಕಾಂಡದ ಬುಡದ ಒಂದು ಚೂರು ಅಂಟಿಕೊಂಡಿರಬೇಕು. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಅದರಿಂದ ಗಿಡ ಆಗುವುದಿಲ್ಲ. ನನಗಂತೂ ಕಣ್ಣು ಸ್ಪಷ್ಟವಾಗಿ ಕಾಣುವ ತನಕ, ಅಂದರೆ ನೆಡುವ ಕಾಲ ಬಂದು ಸಣ್ಣ ಗುಲಾಬಿ ಗುಳ್ಳೆಗಳಂತೆ ಅವು ಉಬ್ಬುವ ತನಕ, ಒಡೆಯಲು ಧೈರ್ಯ ಬರುವುದಿಲ್ಲ. ಕಾದು ಒಡೆಯುವುದೇ ಒಳ್ಳೆಯದು.

ಡೇರೆ ಗೆಡ್ಡೆ ಇಡುವಾಗ ಸುಗಂಧರಾಜದ ಲೆಕ್ಕ ಹಾಕಬೇಡಿ. ಇದಕ್ಕೆ ಒಣ ಸಿಪ್ಪೆಯ ರಕ್ಷಣೆ ಇಲ್ಲ, ಗಾಳಿಗೆ ನೇತು ಹಾಕಿದರೆ ಸುಕ್ಕಿ ಕಡ್ಡಿಯಾಗುತ್ತದೆ. ಒಣ ಮರಳಿನಲ್ಲೋ, ಒಣ ಮಣ್ಣಿನಲ್ಲೋ ಹೂತು ತಂಪು ಮೂಲೆಯಲ್ಲಿ ಇಡಬೇಕು. ದೊಡ್ಡಮ್ಮ ಪಾಟಿನಲ್ಲಿದ್ದುದನ್ನು ಕೀಳುವುದೇ ಇಲ್ಲ, ಕಾಂಡ ಕತ್ತರಿಸಿ ಪಾಟನ್ನು ಹಾಗೇ ಸೂರಿನಡಿ ಸರಿಸಿಡುತ್ತಾರೆ. ಬೆಂಗಳೂರಿನಲ್ಲಿ ನಾನೂ ಹಾಗೇ ಮಾಡುತ್ತೇನೆ. ಆಗಾಗ ಬೆರಳು ಹಾಕಿ ನೋಡಿ, ಗೆಡ್ಡೆ ಮೆತ್ತಗಾಗಿ ಸುಕ್ಕುತ್ತಿದೆ ಅನ್ನಿಸಿದರೆ ಒಂದಿಷ್ಟು ನೀರು ಚಿಮುಕಿಸುತ್ತೇನೆ, ಅಷ್ಟೇ.

ಈ ಮಲಗುವ ಗುಣದಿಂದಲೇ ಇವು ಇಷ್ಟು ದೂರ ಬಂದವು ಅನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. 1830ರ ದಶಕದಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಗಿಡ ಸಾಗಿಸಬಹುದು ಅಂತ ತೋರಿಸುವ ತನಕ, ಹಡಗಿನಲ್ಲಿ ಜೀವಂತ ಗಿಡ ತರುವುದು ಬಹಳ ಕಷ್ಟದ ಕೆಲಸ. ಉಪ್ಪು ಗಾಳಿ, ಸಿಹಿನೀರಿನ ಕೊರತೆ, ತಿಂಗಳುಗಟ್ಟಲೆ ಕತ್ತಲೆ. ಗೆಡ್ಡೆಗಳಿಗೆ ಅದ್ಯಾವುದರ ಹಂಗೂ ಇರಲಿಲ್ಲ. ಕಿತ್ತು, ಒಣಗಿಸಿ, ಚೀಲಕ್ಕೆ ತುಂಬಿದರೆ ಸಾಕಿತ್ತು. ಹಾಲೆಂಡಿನಲ್ಲಿ 1636ರ ಚಳಿಗಾಲದಲ್ಲಿ ಟ್ಯುಲಿಪ್ ಬೆಲೆ ಆಕಾಶಕ್ಕೇರಿ 1637ರ ಫೆಬ್ರವರಿಯಲ್ಲಿ ಕುಸಿದಾಗ, ಜನ ಕೊಂಡು ಮಾರಿದ ಗೆಡ್ಡೆಗಳು ಮಣ್ಣಿನೊಳಗೆ ಮಲಗಿದ್ದವು. ಕಣ್ಣಿಗೆ ಕಾಣುತ್ತಿದ್ದುದು ಬರೀ ಕಾಗದದ ಚೀಟಿ. ನಮ್ಮ ಅಂಗಳಕ್ಕೆ ಮೆಕ್ಸಿಕೋದ ಹೂವು ಬಂದು ಅದು ನಮ್ಮದೇ ಆಗಿ, ದೇವರ ತಲೆಯ ಮೇಲೆ ಕೂತದ್ದು ಆ ಕೆಲವು ತಿಂಗಳ ನಿದ್ದೆಯಿಂದಲೇ ಅಲ್ವಾ?

ಮಣ್ಣಿನ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. ಈಗ ನರ್ಸರಿಗಳಲ್ಲಿ ಬಹುತೇಕ ಎಲ್ಲವನ್ನೂ ಕೊಕೊಪೀಟ್‌ನಲ್ಲೇ, ಅಂದರೆ ತೆಂಗಿನ ನಾರಿನ ಪುಡಿಯಲ್ಲೇ, ಕೊಡುತ್ತಾರೆ. ಹಗುರ, ಸಾಗಿಸಲು ಸುಲಭ. ಆದರೆ ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಮಲಗುವ ಗೆಡ್ಡೆಗೆ ಅದೇ ಬೇಡದ್ದು. ನಮ್ಮ ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಗೊಬ್ಬರ ಗೆಡ್ಡೆಗೆ ತಾಗಬಾರದು. ಪಾಟಿನ ತೂತು ಮುಚ್ಚಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ನವೆಂಬರ್ ಮಳೆ ಜೋರಿದ್ದರೆ ಮಲಗಲು ಶುರು ಮಾಡಿದ ಪಾಟುಗಳನ್ನು ಸಜ್ಜಾದ ಕೆಳಗೆ ಎಳೆದಿಡಿ. ಎಲ್ಲ ಗೆಡ್ಡೆಗೂ ಈ ನಿದ್ದೆ ಬೇಕು ಅಂತಿಲ್ಲ, ಸುಗಂಧಿ ಹೂವಿಗೆ (ಸುಗಂಧರಾಜ ಅಲ್ಲ, ಶುಂಠಿಯ ಜಾತಿಯದು) ವರ್ಷವಿಡೀ ತೇವ ಬೇಕು. ಅದನ್ನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಡುತ್ತಿದ್ದುದು ಸುಮ್ಮನೆ ಅಲ್ಲ.

ಎಬ್ಬಿಸುವ ಕೆಲಸವನ್ನು ನಾನು ಮಳೆಗೇ ಬಿಡುತ್ತೇನೆ. ಏಪ್ರಿಲ್‌ನ ಮೊದಲ ಗುಡುಗು ಮಳೆ ಬಿದ್ದು ಕೆಲವು ದಿನಕ್ಕೆ ರೇನ್ ಲಿಲಿ ಏಳುತ್ತದೆ, ಬಿಳಿ, ಗುಲಾಬಿ, ಹಳದಿ. ಒಂದು ಹೂವು ಒಂದೆರಡು ದಿನ ಇದ್ದರೆ ಹೆಚ್ಚು. ನಗರದ ಪಾರ್ಕುಗಳ ಅಂಚಿನಲ್ಲಿ, ರಸ್ತೆ ಮಧ್ಯದ ಪಟ್ಟಿಗಳಲ್ಲಿ ಹಿಂದಿನ ದಿನ ಏನೂ ಇಲ್ಲದ ಕಡೆ ಸಾಲಾಗಿ ನಿಂತಿರುತ್ತವೆ. ಇದನ್ನು ಬೆಳೆಸಲು ಯಾವ ಜಾಣತನವೂ ಬೇಡ, ಒತ್ತಾಗಿ ನೆಟ್ಟು ಬೇಸಗೆಯಲ್ಲಿ ಒಣಗಲು ಬಿಟ್ಟರೆ ಆಯಿತು. ಮೊದಲ ಸಲ ಗೆಡ್ಡೆ ಬೆಳೆಸುವವರಿಗೆ ನಾನು ಇದನ್ನೇ ಕೊಡುತ್ತೇನೆ.

ಬೇರೆ ಕಡೆಗೆ ನೆಡುವುದರ ಬಗ್ಗೆ ಬಾಡಿಗೆ ಮನೆಯವರಿಗೆ ಯೋಚನೆ ಜಾಸ್ತಿ. ಮಲ್ಲಿಗೆ ಬಳ್ಳಿಯನ್ನು ಕಿತ್ತುಕೊಂಡು ಹೋಗಲಾಗುವುದಿಲ್ಲ, ಸಂಪಿಗೆಯ ಮಾತಂತೂ ಇಲ್ಲವೇ ಇಲ್ಲ. ಗೆಡ್ಡೆಗಳಾದರೆ ಪುಸ್ತಕದ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಬರುತ್ತವೆ. ಮಲಗಿರುವಾಗ ಸಾಗಿಸಿದರೆ ಅವಕ್ಕೆ ಗೊತ್ತೂ ಆಗುವುದಿಲ್ಲ. ಹಸಿರಿರುವಾಗಲೇ ಮನೆ ಬದಲಾಯಿಸಬೇಕಾಗಿ ಬಂದರೆ ಬೇರಿನ ಮುದ್ದೆ ಒಡೆಯದ ಹಾಗೆ ಮಣ್ಣಿನ ಸಮೇತ ಎತ್ತಬೇಕು, ಎಲೆ ಕತ್ತರಿಸಬಾರದು, ಹೊಸ ಜಾಗದಲ್ಲೂ ಅದೇ ಆಳಕ್ಕೆ ಇಳಿಸಬೇಕು. ಫುಟ್‌ಬಾಲ್ ಲಿಲಿ ಮಾತ್ರ ಇದಕ್ಕೆ ಮುನಿಸಿಕೊಳ್ಳುತ್ತದೆ. ಬೇರು ಅಲುಗಾಡಿದರೆ ಒಂದು ವರ್ಷ ಹೂ ಬಿಡದೆ ಕೂರಬಹುದು. ಹಾಗಾಗಿ ಅದನ್ನು ನಾನು ಮೊದಲಿಂದಲೂ ಪಾಟಿನಲ್ಲೇ ಬೆಳೆಸುತ್ತೇನೆ, ಪಾಟು ಸೀಳು ಬಿಡುವಷ್ಟು ಒತ್ತಾದಾಗ ಮಾತ್ರ ಬಿಡಿಸುತ್ತೇನೆ.

ಚೀಲಗಳ ಮೇಲೆ ಹೆಸರು, ಬಣ್ಣ, ಕಿತ್ತ ತಿಂಗಳು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಪಸೆಗೆ ಹರಡುತ್ತದೆ. ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮರಿಲ್ಲಿಸ್, ಫುಟ್‌ಬಾಲ್ ಲಿಲಿ, ರೇನ್ ಲಿಲಿಗಳ ಗೆಡ್ಡೆ ವಿಷ. ನೋಡಲು ಈರುಳ್ಳಿಯ ಹಾಗೇ ಇರುತ್ತವೆ. ಮಲೆನಾಡಿನ ಬೇಲಿಗಳಲ್ಲಿ ಬೆಳೆಯುವ ಗೌರಿ ಹೂವಿನ ಗೆಡ್ಡೆಯಂತೂ ಜೀವಕ್ಕೇ ಅಪಾಯ, ಅದರಲ್ಲಿ ಕಾಲ್ಚಿಸಿನ್ ಅನ್ನುವ ವಿಷ ಇದೆ. ಅಡುಗೆಮನೆಯಲ್ಲಿ, ಈರುಳ್ಳಿ ಬುಟ್ಟಿಯ ಹತ್ತಿರ, ಮಕ್ಕಳ, ನಾಯಿಯ ಕೈಬಾಯಿಗೆ ಸಿಗುವ ಕಡೆ ಇವನ್ನು ಇಡಲೇಬೇಡಿ.

ಈ ಸಲ ಗ್ಲಾಡಿಯೋಲಸ್ ಕಿತ್ತಾಗ ಗೆಡ್ಡೆಗಳ ಬುಡದಲ್ಲಿ ಕಡಲೆಕಾಳಿನಷ್ಟು ಮರಿಗಳು ಬೊಗಸೆ ತುಂಬ ಸಿಕ್ಕಿವೆ. ಅವು ಹೂ ಬಿಡುವ ಗಾತ್ರಕ್ಕೆ ಬರಲು ಎರಡು ಮೂರು ಹಂಗಾಮು ಬೇಕು. ನಮ್ಮ ಮನೆಯ ಅಗ್ರಿಮೆಂಟ್ 11 ತಿಂಗಳದ್ದು. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಗಟ್ಟಿ ಸಿಪ್ಪೆ ಮೆತ್ತಗಾದ ಮೇಲೆ, ತಳಕ್ಕೆ ತೂತು ಮಾಡಿದ ಥರ್ಮೋಕೋಲ್ ಡಬ್ಬದಲ್ಲಿ ಸಾಲಾಗಿ ಹಾಕಿದ್ದೇನೆ. ಮನೆ ಬದಲಾದರೆ ಡಬ್ಬದ ಸಮೇತ ಬರುತ್ತವೆ. ದೊಡ್ಡಮ್ಮನಿಗೆ ಒಂದು ಪೊಟ್ಟಣ ತೆಗೆದಿಟ್ಟಿದ್ದೇನೆ, ಅವರ ಹತ್ತಿರ ಬಿಳಿ ಅಂಚಿನ ಕೆಂಪು ಡೇರೆ ಇದೆ.